ಚಿತ್ರದ ಸಾಕ್ಷಿ, ನೆತ್ತರಿನ ಸಾಕ್ಷಿ



ತುಳಸಿಗೇರಿಯು ಮಾರುತಿಯ ಕ್ಷೇತ್ರವೆಂದು ನಾಡಿಗೆಲ್ಲ ತಿಳಿದಿರುವ ಊರು. ವಾಯುಪುತ್ರನ ಆ ಊರಿನಿಂದಲೇ ವಾಯುವಿನ ಕೊರತೆಯ ಪ್ರಶ್ನೆಯೊಂದನ್ನು ಹೊತ್ತು ಗೃಹಸ್ಥರೊಬ್ಬರು ಕಳೆದ ಶ್ರಾವಣದಲ್ಲಿ ನಮ್ಮಲ್ಲಿಗೆ ಬಂದಿದ್ದರು. ಅವರ ತಾಯಿಗೆ ಅರವತ್ತು ದಾಟಿದೆ. ಬೀಡಿ ಮುಟ್ಟಿದವರಲ್ಲ, ಎಲೆಯಡಿಕೆಯ ಜೊತೆಗೆ ತಂಬಾಕನ್ನು ಹಾಕಿಕೊಂಡವರೂ ಅಲ್ಲ. ನಾಲ್ಕು ದಶಕಗಳ ಕಾಲ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳಿನ ಒಲೆಯ ಮುಂದೆ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿದವರು. ಮೂರು ವರ್ಷಗಳಿಂದ ಕೆಮ್ಮು ಬಿಟ್ಟಿಲ್ಲ. ಹೊಲಕ್ಕೆ ಹೋಗುವ ದಾರಿಯಲ್ಲಿ ಎರಡು ಸಲ ಕುಳಿತೇ ಮುಂದೆ ಹೋಗಬೇಕು.

ಮಗ ನಮ್ಮ ಮುಂದೆ ಎರಡು ಕಾಗದಗಳನ್ನಿಟ್ಟರು. ಒಂದು ಎದೆಯ ಸಿ.ಟಿ. ಸ್ಕ್ಯಾನಿನ ವರದಿ, ಇನ್ನೊಂದು ರಕ್ತಪರೀಕ್ಷೆಯ ವರದಿ. ಮೊದಲನೆಯದರಲ್ಲಿ ಶ್ವಾಸನಾಳಗಳ ಗೋಡೆ ದಪ್ಪಗಾಗಿದೆ, ಗಾಳಿಯು ಹೊರಬರಲಾಗದೆ ಒಳಗೆ ಸಿಕ್ಕಿಕೊಂಡಿದೆ ಎಂದು ಬರೆದಿತ್ತು. ಎರಡನೆಯದರಲ್ಲಿ ಎಲ್ಲ ಅಂಕಿಗಳೂ ಮಿತಿಯೊಳಗೇ ಇದ್ದವು. "ಗುರುಗಳ, ನೆತ್ತರು ಸುಳ್ಳು ಹೇಳೂದಿಲ್ಲ ಅಂತಾರ ಮಂದಿ. ಹಂಗಾದ್ರ ಫೋಟೋನ ಸುಳ್ಳೇನ್ರಿ?" ಎಂಬುದು ಅವರ ಪ್ರಶ್ನೆ. ಬೀಗರೊಬ್ಬರು "ರಕ್ತ ಚೊಲೋ ಐತಿ, ವಯಸ್ಸಾಗಿದ್ದಕ್ಕ ದಮ್ಮು ಬರತೈತಿ, ಸುಮ್ನ ರೊಕ್ಕ ಕಳೀಬ್ಯಾಡ" ಎಂದು ತೀರ್ಪು ಕೊಟ್ಟೂ ಆಗಿತ್ತು.

ನಾವು ವೈದ್ಯರಲ್ಲ, ನಮ್ಮ ಓದು ಶಾಸ್ತ್ರ ಮತ್ತು ವಚನಗಳದ್ದು. ಆದರೆ ಪ್ರಾಣವೆಂಬುದನ್ನು ಕುರಿತು ಇಷ್ಟೊಂದು ಮಾತನಾಡುವ ಪರಂಪರೆಯವರಾದ ನಾವು, ಆ ಪ್ರಾಣವು ಓಡಾಡುವ ದಾರಿಯ ಬಗೆಗೆ ಅಜ್ಞರಾಗಿರುವುದು ಶೋಭಿಸುವುದಿಲ್ಲ. ಬಲ್ಲ ವೈದ್ಯರನ್ನು ಕೇಳಿ, ಓದಿ ತಿಳಿದುದನ್ನು ಈ ತಿಂಗಳು ಭಕ್ತರ ಮುಂದಿಡುತ್ತಿದ್ದೇವೆ. ಇಂತಹ ಎರಡು ಕಾಗದಗಳು ಬೇರೆ ಮನೆಗಳ ಪೆಟ್ಟಿಗೆಗಳಲ್ಲಿಯೂ ಇದ್ದಾವು.

ಮೊದಲು ಚಿತ್ರದ ಮಾತು. 1895ರಲ್ಲಿ ಜರ್ಮನಿಯ ರಾಂಟ್ಜೆನ್ನರು ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಜೀವಂತ ಮನುಷ್ಯನ ಎದೆಯೊಳಗನ್ನು ನೋಡುವುದು ಸಾಧ್ಯವಾಯಿತು. 1971ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡ್ ಎಂಬ ಇಂಜಿನಿಯರರ ಸಿ.ಟಿ. ಯಂತ್ರದಿಂದ ಮೊದಲ ರೋಗಿಯ ಚಿತ್ರ ತೆಗೆಯಲಾಯಿತು. ಅವರಿಗೂ ಕಾರ್ಮ್ಯಾಕ್ ಎಂಬ ಭೌತವಿಜ್ಞಾನಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಯಂತ್ರವು ದೇಹದ ಒಂದೊಂದು ಚುಕ್ಕೆಗೂ ಸಾಂದ್ರತೆಯ ಅಂಕಿಯೊಂದನ್ನು ಕೊಡುತ್ತದೆ. ನೀರಿಗೆ ಸೊನ್ನೆ, ಬರಿಯ ಗಾಳಿಗೆ ಋಣ 1000. ಆರೋಗ್ಯವಂತ ಶ್ವಾಸಕೋಶದಲ್ಲಿ ಗಾಳಿಯೂ ಇದೆ, ಗಾಳಿಯನ್ನು ಹಿಡಿದಿರುವ ತೆಳುಗೋಡೆಗಳೂ ನೆತ್ತರೂ ಇವೆ. ಆದುದರಿಂದ ಅದರ ಅಂಕಿ ಬರಿಯ ಗಾಳಿಯದಕ್ಕಿಂತ ಮೇಲೆ ನಿಲ್ಲುತ್ತದೆ. ವಾಯುಕೋಶಗಳ ಗೋಡೆಗಳು ಹರಿದು ಒಂದರಲ್ಲೊಂದು ಕೂಡಿಹೋದಾಗ ಅಲ್ಲಿ ಗಾಳಿಯೇ ಉಳಿಯುತ್ತದೆ, ಚಿತ್ರದಲ್ಲಿ ಆ ಭಾಗ ಕಪ್ಪಾಗುತ್ತದೆ. ಋಣ 950ಕ್ಕಿಂತ ಕೆಳಗಿಳಿದ ಭಾಗವೆಷ್ಟು ಎಂದು ಎಣಿಸಿದರೆ ಎಂಫಿಸೀಮಾ ಎಂಬ ಹಾನಿಯ ಪ್ರಮಾಣ ತಿಳಿಯುತ್ತದೆ.

ಎಂಫಿಸೀಮಾ ಒಂದು ಬಗೆ. ನಾಳಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುವುದು ಇನ್ನೊಂದು ಬಗೆ. ಉಸಿರು ಬಿಟ್ಟ ಮೇಲೂ ಗಾಳಿ ಒಳಗೇ ಉಳಿಯುವುದು ಮೂರನೆಯದು. ಇವೆಲ್ಲವನ್ನೂ ಸೇರಿಸಿ ವೈದ್ಯರು ಸಿ.ಓ.ಪಿ.ಡಿ. ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ನಮ್ಮ ಮಾತಿನಲ್ಲಿ ದೀರ್ಘಕಾಲದ ಶ್ವಾಸಾವರೋಧ. ಹೆಸರು ಒಂದಾದರೂ ಒಳಗಿನ ಚಿತ್ರ ಒಂದೇ ಅಲ್ಲ. ಮೆಕ್ಸಿಕೋ ದೇಶದಲ್ಲಿ ಈ ರೋಗವಿದ್ದ ಮಹಿಳೆಯರ ಸ್ಕ್ಯಾನುಗಳನ್ನು ಹೋಲಿಸಿ ನೋಡಿದಾಗ, ತಂಬಾಕಿನ ಹೊಗೆಯಿಂದ ಕೆಟ್ಟವರಲ್ಲಿ ಎಂಫಿಸೀಮಾ ಹೆಚ್ಚಾಗಿಯೂ, ಕಟ್ಟಿಗೆಯ ಒಲೆಯ ಹೊಗೆಯಿಂದ ಕೆಟ್ಟವರಲ್ಲಿ ಸಿಕ್ಕಿಕೊಂಡ ಗಾಳಿ ಹೆಚ್ಚಾಗಿಯೂ ಕಂಡುಬಂದಿತು. ತುಳಸಿಗೇರಿಯ ಆ ತಾಯಿಯ ವರದಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ಅಡಿಗೆಮನೆಯು ಆಕೆಯ ಎದೆಯಲ್ಲಿ ತನ್ನ ರುಜುವನ್ನು ಹಾಕಿದೆ.

ಇನ್ನು ನೆತ್ತರಿನ ಮಾತು. ಆ ವರದಿಯಲ್ಲಿದ್ದುದು ಹಿಮೋಗ್ಲೋಬಿನ್, ಬಿಳಿಯ ಕಣಗಳ ಲೆಕ್ಕ, ಸಕ್ಕರೆ, ಉರಿಯೂತವನ್ನು ತೋರಿಸುವ ಸಿ.ಆರ್.ಪಿ. ಇವಾವುವೂ ವಾಯುಕೋಶದ ಗೋಡೆ ಗಟ್ಟಿಯಿದೆಯೇ ಎಂದು ಕೇಳುವ ಪರೀಕ್ಷೆಗಳಲ್ಲ. ಕೇಳದ ಪ್ರಶ್ನೆಗೆ ನೆತ್ತರು ಉತ್ತರ ಕೊಡುವುದಿಲ್ಲ. ಬೀಗರು ಓದಿದ್ದು ಸರಿಯಾಗಿಯೇ ಇದೆ. ಅದರಿಂದ ತೆಗೆದ ತೀರ್ಪು ಮಾತ್ರ ಆ ಕಾಗದದಲ್ಲಿ ಇರಲಿಲ್ಲ.

ಹಾಗಾದರೆ ಶ್ವಾಸಕೋಶದ ಚಿತ್ರಕ್ಕೂ ನೆತ್ತರಿಗೂ ಸಂಬಂಧವೇ ಇಲ್ಲವೇ? ಇದೆ. ಅದನ್ನು ಮೊದಲು ಸ್ಪಷ್ಟವಾಗಿ ಕಂಡವರು ಸ್ವೀಡನ್ ದೇಶದ ಲಾರೆಲ್ ಮತ್ತು ಎರಿಕ್ಸನ್ ಎಂಬಿಬ್ಬರು, 1963ರಲ್ಲಿ. ಕೆಲವರ ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಬಹಳ ಕಡಿಮೆಯಿರುವುದನ್ನೂ, ಅಂತಹವರಲ್ಲಿ ಹಲವರು ಚಿಕ್ಕ ವಯಸ್ಸಿನಲ್ಲಿಯೇ ಎಂಫಿಸೀಮಾಕ್ಕೆ ತುತ್ತಾಗಿರುವುದನ್ನೂ ಅವರು ಗುರುತಿಸಿದರು. ಯಕೃತ್ತು ಈ ಪ್ರೋಟೀನನ್ನು ಮಾಡಿ ಕಳುಹಿಸುತ್ತದೆ. ರೋಗಾಣುಗಳೊಡನೆ ಹೋರಾಡುವ ಬಿಳಿಯ ಕಣಗಳು ಬಿಡುಗಡೆ ಮಾಡುವ ಕಿಣ್ವವು ನಮ್ಮದೇ ವಾಯುಕೋಶಗಳನ್ನು ತಿಂದುಹಾಕದಂತೆ ಅದು ಕಾವಲು ಕಾಯುತ್ತದೆ. ಕಾವಲುಗಾರನಿಲ್ಲದ ಹೊಲಕ್ಕೆ ಮನೆಯ ಎತ್ತೇ ನುಗ್ಗಿದಂತೆ. ಬೀಡಿ ಸಿಗರೇಟಿನವರಲ್ಲಿ ಎಂಫಿಸೀಮಾ ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ ಹೆಚ್ಚು, ಈ ಹುಟ್ಟುಕೊರತೆಯವರಲ್ಲಿ ಕೆಳಭಾಗದಲ್ಲಿ ಹೆಚ್ಚು. ಹೀಗೆ ಚಿತ್ರದ ಒಂದು ಲಕ್ಷಣವೂ ರಕ್ತದ ಒಂದು ಅಂಕಿಯೂ ಕೈಕೈ ಹಿಡಿದು ನಿಂತ ಉದಾಹರಣೆ ಇದು.

ಅಲ್ಲಿಂದೀಚೆಗೆ ಹುಡುಕಾಟ ನಿಂತಿಲ್ಲ. ಅಮೆರಿಕದಲ್ಲಿ ಸಿ.ಓ.ಪಿ.ಡಿ.ಜೀನ್ ಎಂಬ ಅಧ್ಯಯನವು ಹತ್ತು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನನ್ನು ತೆಗೆಯಿಸಿ, ಅನೇಕರ ರಕ್ತವನ್ನೂ ಜೊತೆಗಿಟ್ಟು ನೋಡುತ್ತ ಬಂದಿದೆ. ಅನೇಕ ದೇಶಗಳು ಸೇರಿ ನಡೆಸಿದ ಎಕ್ಲಿಪ್ಸ್ ಎಂಬ ಅಧ್ಯಯನವು ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಮೂರು ವರ್ಷ ಹಿಂಬಾಲಿಸಿತು. ಇಂತಹ ಕೆಲಸಗಳಿಂದ ಹೊರಬಂದುದರಲ್ಲಿ ಮುಖ್ಯವಾದುದು ಎಸ್-ರೇಜ್ ಎಂಬ ಪ್ರೋಟೀನು: ಚಿತ್ರದಲ್ಲಿ ಎಂಫಿಸೀಮಾ ಹೆಚ್ಚಿದಷ್ಟೂ ನೆತ್ತರಲ್ಲಿ ಇದು ಕಡಿಮೆಯಾಗಿರುವುದು ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಕಂಡುಬಂದಿದೆ. ಸಿ.ಸಿ.16 ಎಂಬ ಇನ್ನೊಂದು ಪ್ರೋಟೀನು ಸಣ್ಣ ಶ್ವಾಸನಾಳಗಳ ಒಳಪದರದ ಕೋಶಗಳಲ್ಲಿ ಹುಟ್ಟುತ್ತದೆ. ಆ ಕೋಶಗಳು ಸುಟ್ಟುಹೋದರೆ ರಕ್ತದಲ್ಲಿ ಅದರ ಮಟ್ಟ ಇಳಿಯುತ್ತದೆ. ಫೈಬ್ರಿನೋಜನ್ ಎಂಬುದು ಏರುತ್ತದೆ. ಆದರೆ ಬೇರೆ ಉರಿಯೂತಗಳಿಗೂ ಅದು ಏರುವಂತಹದೇ. ಅಮೆರಿಕದ ಔಷಧ ಇಲಾಖೆಯು 2015ರಲ್ಲಿ ಅದಕ್ಕೆ ಮನ್ನಣೆ ಕೊಟ್ಟುದು ಹೊಸ ಔಷಧಿಗಳ ಪ್ರಯೋಗಕ್ಕೆ ರೋಗಿಗಳನ್ನು ಆರಿಸಲೆಂದು, ಮನೆಮನೆಯ ರೋಗನಿರ್ಣಯಕ್ಕೆಂದಲ್ಲ.

ಇಲ್ಲಿ ಭಕ್ತರಿಗೆ ಒಂದು ಎಚ್ಚರಿಕೆ. ಸಾವಿರಾರು ಜನರ ಲೆಕ್ಕದಲ್ಲಿ ಕಾಣುವ ಸಂಬಂಧವು ಒಬ್ಬರ ಬೆರಳಿನಿಂದ ತೆಗೆದ ಒಂದು ಹನಿಯಲ್ಲಿ ತೀರ್ಪಾಗಿ ಬರುವುದಿಲ್ಲ. ಒಂದೇ ಒಂದು ರಕ್ತಪರೀಕ್ಷೆಯಿಂದ ಸಿ.ಓ.ಪಿ.ಡಿ. ಇದೆ ಅಥವಾ ಇಲ್ಲ ಎಂದು ಹೇಳಬಲ್ಲ ಸ್ಥಿತಿಗೆ ವಿಜ್ಞಾನವು ತಲುಪಿಲ್ಲ. ಪಟ್ಟಣದಲ್ಲಿ ಯಾರಾದರೂ "ಶ್ವಾಸಕೋಶದ ಸಂಪೂರ್ಣ ರಕ್ತ ಪ್ಯಾಕೇಜು" ಎಂದು ಮಾರಿದರೆ, ಕೊಳ್ಳುವ ಮೊದಲು ಅದರಲ್ಲಿ ಏನೇನಿದೆಯೆಂದು ವೈದ್ಯರಿಗೆ ತೋರಿಸುವುದು ಒಳಿತು.

ಎರಡೂ ಸಾಕ್ಷಿಗಳು ಏಕೆ ಒಂದೇ ಮಾತನ್ನು ಆಡುವುದಿಲ್ಲ ಎಂಬುದನ್ನು ನಮ್ಮ ಸೀಮೆಯವರಿಗೆ ತಿಳಿಯಹೇಳುವುದು ಕಷ್ಟವಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲ್ಲೂಕುಗಳ ದಂಡೆಯ ಊರುಗಳಲ್ಲಿ ಹರಿದುದನ್ನು ಮರೆತವರಿಲ್ಲ. ನೀರು ಇಳಿದು ತಿಂಗಳಾದ ಮೇಲೆ ಹೊಳೆಯನ್ನು ನೋಡಿದವನು "ತಿಳಿನೀರು, ಏನೂ ಆಗಿಲ್ಲ" ಎನ್ನುತ್ತಾನೆ. ಬಿರುಕು ಬಿಟ್ಟ ಮಣ್ಣಿನ ಗೋಡೆಯನ್ನು ನೋಡಿದವನು "ಎಲ್ಲವೂ ಹೋಯಿತು" ಎನ್ನುತ್ತಾನೆ. ಚಿತ್ರವು ಆ ಗೋಡೆ. ಬಹುಮಟ್ಟಿಗೆ ಅದು ಆಗಿಹೋದ ನಷ್ಟದ ಲೆಕ್ಕ. ನೆತ್ತರು ಹೊಳೆ; ಅದು ಇಂದಿನ ಹರಿವಿನ ಲೆಕ್ಕ. ಇಂದು ಹೊಳೆ ಶಾಂತವಾಗಿದೆಯೆಂದು ಬಿರುಕು ಕೂಡಿಕೊಳ್ಳುವುದಿಲ್ಲ. ಗೋಡೆ ನಿಂತಿದೆಯೆಂದು ಹೊಳೆ ಮತ್ತೆ ಏರುವುದಿಲ್ಲವೆಂಬ ಭರವಸೆಯೂ ಇಲ್ಲ.

ಇವೆರಡನ್ನು ಕೂಡಿಸುವುದು ಮೂರನೆಯದೊಂದು. ಇಳಕಲ್ ಸೀರೆಯನ್ನು ನೇಯುವ ಮನೆಗಳಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೂಡಿಸುವ ಕೊಂಡಿಯ ಕೆಲಸವಿಲ್ಲದೆ ಅದು ಇಳಕಲ್ ಸೀರೆಯೇ ಆಗುವುದಿಲ್ಲ. ಇಲ್ಲಿ ಆ ಕೊಂಡಿ ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆ. ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ಜೋರಾಗಿ ಊದಬೇಕು. ಹೊರಬಂದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂದಿತೆಂದು ಯಂತ್ರ ಅಳೆಯುತ್ತದೆ. ನಾಳ ಸಡಿಲಿಸುವ ಔಷಧಿಯನ್ನು ಸೇದಿಸಿದ ಮೇಲೂ ಅದು ನೂರಕ್ಕೆ ಎಪ್ಪತ್ತಕ್ಕಿಂತ ಕಡಿಮೆಯಿದ್ದರೆ ದಾರಿಯಲ್ಲಿ ಅಡ್ಡಿಯಿದೆಯೆಂದು ಅರ್ಥ. ಸೂಜಿಯಿಲ್ಲ, ಕಿರಣವಿಲ್ಲ. ಎದೆಯ ಸಿ.ಟಿ. ಸ್ಕ್ಯಾನಿನಲ್ಲಿ ಸಾದಾ ಎಕ್ಸ್-ರೇಗಿಂತ ಹಲವು ಹತ್ತು ಪಟ್ಟು ಕಿರಣ ಮೈಗೆ ತಾಗುತ್ತದೆ. ಆದುದರಿಂದ ವೈದ್ಯರು ಬೇಕೆಂದಾಗ ಮಾಡಿಸಬೇಕೇ ಹೊರತು ಮನಸ್ಸಿನ ಸಮಾಧಾನಕ್ಕೆಂದು ವರ್ಷವರ್ಷ ಮಾಡಿಸತಕ್ಕದ್ದಲ್ಲ.

ಆ ತಾಯಿಗೆ ಸ್ಕ್ಯಾನು ಆಗಿತ್ತು, ರಕ್ತಪರೀಕ್ಷೆ ಆಗಿತ್ತು. ಊದುವ ಪರೀಕ್ಷೆಯೊಂದೇ ಆಗಿರಲಿಲ್ಲ! ಮಗನು ಬಾಗಲಕೋಟೆಗೆ ಕರೆದೊಯ್ದು ಅದನ್ನು ಮಾಡಿಸಿದರು. ಅಡ್ಡಿಯಿರುವುದು ಖಚಿತವಾಯಿತು. ಆಮೇಲೆ ವೈದ್ಯರು ಅದೇ ಹಳೆಯ ರಕ್ತದ ವರದಿಯನ್ನು ಮತ್ತೊಮ್ಮೆ ತೆಗೆದು, ಯಾರೂ ಗಮನಿಸದಿದ್ದ ಒಂದು ಸಾಲನ್ನು ನೋಡಿದರಂತೆ. ಅದು ಇಯೋಸಿನೊಫಿಲ್ ಎಂಬ ಬಿಳಿಯ ಕಣದ ಲೆಕ್ಕ. ಸಿ.ಓ.ಪಿ.ಡಿ. ಮೇಲಿಂದ ಮೇಲೆ ಉಲ್ಬಣಿಸುವವರಲ್ಲಿ ಇದು ಒಂದು ಮೈಕ್ರೋಲೀಟರಿಗೆ 300 ಅಥವಾ ಹೆಚ್ಚಿದ್ದರೆ ಸೇದುವ ಸ್ಟೀರಾಯ್ಡ್ ಔಷಧಿಯಿಂದ ಪ್ರಯೋಜನ ಹೆಚ್ಚು. 100ಕ್ಕಿಂತ ಕಡಿಮೆಯಿದ್ದರೆ ಪ್ರಯೋಜನದ ಸಂಭವ ಕಡಿಮೆ, ನ್ಯುಮೋನಿಯಾದ ಭಯ ಮಾತ್ರ ಹೆಚ್ಚು. ಚಿತ್ರವು ರೋಗವನ್ನು ತೋರಿಸಿತು. "ಏನೂ ಇಲ್ಲ" ಎಂದಿದ್ದ ನೆತ್ತರು ಔಷಧಿಯನ್ನು ಆರಿಸಿಕೊಟ್ಟಿತು.

ಆ ಮನೆಯಲ್ಲಿ ಗ್ಯಾಸ್ ಸಿಲಿಂಡರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಚಹಾಕ್ಕೆ, ಹಾಲಿಗೆ. ರೊಟ್ಟಿ ಮಾತ್ರ ಒಲೆಯ ಮೇಲೆಯೇ, ಏಕೆಂದರೆ ಕೆಂಡದಲ್ಲಿ ಸುಟ್ಟ ರೊಟ್ಟಿಯ ರುಚಿ ಗ್ಯಾಸಿನಲ್ಲಿ ಬರುವುದಿಲ್ಲವೆಂದು ಮನೆಯ ಗಂಡಸರ ಅಭಿಪ್ರಾಯ. ರುಚಿ ನಾಲಗೆಯವರದು, ಹೊಗೆ ಇನ್ನೊಬ್ಬರದು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುವವರು, ಅದನ್ನು ಮಾಡಿದವರ ಎದೆಯನ್ನೂ ಒಮ್ಮೆ ನೆನೆಯಬಾರದೇ? ನಮ್ಮ ದೇಶದಲ್ಲಿ 1990ರಲ್ಲಿ 2.8 ಕೋಟಿಯಷ್ಟಿದ್ದ ಸಿ.ಓ.ಪಿ.ಡಿ. ರೋಗಿಗಳು 2016ರ ಹೊತ್ತಿಗೆ 5.5 ಕೋಟಿಯಾದರೆಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ 2018ರಲ್ಲಿ ಬಂದ ಲೆಕ್ಕ ಹೇಳುತ್ತದೆ. ಆ ಹೊರೆಯಲ್ಲಿ ಮನೆಯೊಳಗಿನ ಹಾಗೂ ಹೊರಗಿನ ಕೆಟ್ಟ ಗಾಳಿಯ ಪಾಲು ಅರ್ಧಕ್ಕಿಂತ ಹೆಚ್ಚು. ತಂಬಾಕಿನ ಪಾಲು ಕಾಲು ಭಾಗದಷ್ಟು. ಬೀಡಿ ಸೇದದವರಿಗೆ ಈ ರೋಗ ಬರುವುದಿಲ್ಲವೆಂಬ ನಂಬಿಕೆ ಇನ್ನಾದರೂ ಹೋಗಬೇಕು.

ಹಾಗೆಂದು ತಂಬಾಕನ್ನು ಬಿಟ್ಟುಬಿಡುವಂತಿಲ್ಲ; ಅಂದರೆ, ಅದರ ಮಾತನ್ನು ಬಿಡುವಂತಿಲ್ಲ, ಅದನ್ನು ಬಿಡಲೇಬೇಕು. ಚಿತ್ತರಗಿ-ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ, ಕಾಳು-ಕಡಿಯ ಬದಲು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಪೂಜ್ಯರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆ ಜೋಳಿಗೆಗೆ ಬೀಡಿಕಟ್ಟು ಹಾಕಿದವರಿಗೂ, ಹಾಕಬೇಕೆಂದಿರುವವರಿಗೂ ಸಂಬಂಧಿಸಿದ ಒಂದು ವಿಚಿತ್ರ ಸಂಗತಿಯನ್ನು ಹೇಳುತ್ತೇವೆ. ಸೇದುವುದನ್ನು ಬಿಟ್ಟ ಮೇಲೆ ತೆಗೆದ ಸ್ಕ್ಯಾನು ಕೆಲವರಲ್ಲಿ ಹಿಂದಿನದಕ್ಕಿಂತ ತುಸು ಹೆಚ್ಚು ಕಪ್ಪಾಗಿ ಕಾಣುವುದುಂಟು. ಬಿಟ್ಟಮೇಲೆಯೇ ರೋಗ ಹೆಚ್ಚಿತೆಂದು ಎದೆಗೆಟ್ಟು ಮತ್ತೆ ಹಚ್ಚಿಕೊಳ್ಳುವ ಅಪಾಯವಿದೆ. ನಿಜವೇನೆಂದರೆ, ಸೇದುತ್ತಿರುವಾಗ ಶ್ವಾಸಕೋಶದೊಳಗೆ ಉರಿಯೂತದ ಕಣಗಳೂ ದ್ರವವೂ ತುಂಬಿ ಅದರ ಸಾಂದ್ರತೆಯನ್ನು ಹೆಚ್ಚಿಸಿರುತ್ತವೆ, ಹಾನಿಯ ಒಂದು ಭಾಗವನ್ನು ಅವು ಮುಚ್ಚಿರುತ್ತವೆ. ಬಿಟ್ಟಾಗ ಆ ಕಸ ತೊಲಗಿ ಒಳಗಿನ ನಿಜಸ್ಥಿತಿ ಬಯಲಾಗುತ್ತದೆ. ಹರಿದ ವಾಯುಕೋಶ ಮರಳಿ ಬರುವುದಿಲ್ಲ. ಆದರೆ ಉಸಿರಿನ ಶಕ್ತಿ ಕುಸಿಯುವ ವೇಗ ಕಡಿಮೆಯಾಗುತ್ತದೆ. ಚಿತ್ರವೊಂದನ್ನೇ ನಂಬಿದವನು ಇಲ್ಲಿ ಮೋಸಹೋಗುತ್ತಾನೆ.

ಕಲ್ಲಿನ ಕಾಯಕದವರ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಬಾದಾಮಿಯ ಮರಳುಗಲ್ಲು ಬಹುಪಾಲು ಸ್ಫಟಿಕವೇ. ಇಳಕಲ್ಲಿನ ಕೆಂಪು ಗ್ರಾನೈಟಿನಂತಹ ಕಲ್ಲಿನಲ್ಲಿ ಅದರ ಪಾಲು ಐದರಲ್ಲೊಂದಕ್ಕಿಂತ ಕಡಿಮೆಯಿರುವುದಿಲ್ಲ. ಚಾಲುಕ್ಯರ ಕಾಲದ ಶಿಲ್ಪಿ ಉಳಿಯಿಂದ ಕೆತ್ತಿದ. ಇಂದಿನವನು ಯಂತ್ರದ ಗರಗಸದಿಂದ ಕೊಯ್ಯುತ್ತಾನೆ, ಕಣ್ಣಿಗೆ ಕಾಣದಷ್ಟು ನುಣ್ಣನೆಯ ಧೂಳು ಏಳುತ್ತದೆ. ಆ ಧೂಳು ವಾಯುಕೋಶದಲ್ಲಿ ಕುಳಿತು ಗಂಟುಗಳನ್ನು ಕಟ್ಟುವ ರೋಗಕ್ಕೆ ಸಿಲಿಕೋಸಿಸ್ ಎಂದು ಹೆಸರು. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಜನರಲ್ಲಿ ಅದು ಕಂಡುಬಂದಿತ್ತು. ಗಣಿ 2001ರಲ್ಲಿ ಮುಚ್ಚಿತು. ರೋಗವು ಕಲ್ಲು ಒಡೆಯುವ, ಕೊಯ್ಯುವ ಇತರ ಕಡೆಗಳಲ್ಲಿ ಮುಚ್ಚಿಲ್ಲ.

ಇದರ ಎಕ್ಸ್-ರೇ ಚಿತ್ರ ಕ್ಷಯದ ಚಿತ್ರವನ್ನು ಹೋಲುತ್ತದೆ. ಆದುದರಿಂದ ಕಲ್ಲುಕುಟಿಗನೊಬ್ಬನು ಕೆಮ್ಮುತ್ತ ಬಂದರೆ ಕ್ಷಯವೆಂದು ಔಷಧಿ ಕೊಟ್ಟು, ಗುಣವಾಗಲಿಲ್ಲವೆಂದು ಮತ್ತೆ ಅದನ್ನೇ ಕೊಟ್ಟು ವರ್ಷಗಳನ್ನು ಕಳೆಯುವ ಸಂಭವವಿದೆ. ಸಿಲಿಕಾ ಧೂಳು ಸೇರಿದವನಿಗೆ ಕ್ಷಯವೂ ಸುಲಭವಾಗಿ ಅಂಟುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿಜನ್ಯ ಆರೋಗ್ಯ ಸಂಸ್ಥೆಯವರು ನಾವು ಮೇಲೆ ಹೇಳಿದ ಸಿ.ಸಿ.16 ಪ್ರೋಟೀನನ್ನೇ ಇಲ್ಲಿ ಹಿಡಿದಿದ್ದಾರೆ. ಧೂಳಿನಲ್ಲಿ ದುಡಿಯುವವರ ರಕ್ತದಲ್ಲಿ ಅದು ಇಳಿದಿರುವುದನ್ನು ಕಂಡು, ರೋಗ ಬಲಿಯುವ ಮೊದಲೇ ಸಂಶಯಿತರನ್ನು ಆರಿಸಿ ಎಕ್ಸ್-ರೇಗೆ ಕಳುಹಿಸಲು ಆ ಪರೀಕ್ಷೆಯನ್ನು ಬಳಸಬಹುದೆಂಬುದು ಅವರ ಯೋಜನೆ. ಗಂಟು ಕಟ್ಟಿದ ಮೇಲೆ ಅದನ್ನು ಕರಗಿಸುವ ಔಷಧಿಯಿಲ್ಲವಾದುದರಿಂದ, ಚಿತ್ರಕ್ಕಿಂತ ಮೊದಲು ನೆತ್ತರು ಮಾತನಾಡಿದರೆ ಒಬ್ಬ ಮನುಷ್ಯನನ್ನು ಸಮಯವಿರುವಾಗಲೇ ಧೂಳಿನಿಂದ ಈಚೆಗೆ ಎಳೆಯಬಹುದು. ಕಾರ್ಖಾನೆ ಮತ್ತು ಗಣಿಗಳ ಕಾನೂನಿನಲ್ಲಿ ಸಿಲಿಕೋಸಿಸ್ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿದೆ. ಪರಿಹಾರ ಬೇಡುವವನ ಕೈಯಲ್ಲಿ ಚಿತ್ರವೂ ಕೆಲಸದ ದಾಖಲೆಯೂ ಇರಬೇಕು. ಕಾಯಕವನ್ನು ಕೈಲಾಸದ ಎತ್ತರಕ್ಕೇರಿಸಿದ ಸಮಾಜ ನಮ್ಮದು. ಕಾಯಕವೇ ಕಾಯವನ್ನು ತಿನ್ನುವಲ್ಲಿ ಸುಮ್ಮನಿರುವುದು ಯಾವ ಧರ್ಮ ಎಂಬ ಪ್ರಶ್ನೆಯನ್ನು ಕಲ್ಲಿನ ಕಾರ್ಖಾನೆ ನಡೆಸುವ ನಮ್ಮ ಭಕ್ತರ ಮುಂದೆಯೇ ಇಡುತ್ತೇವೆ. ಕೊಯ್ಯುವಾಗ ನೀರು ಹಾಯಿಸುವುದಕ್ಕೆ ಎಷ್ಟು ಖರ್ಚಾದೀತು?

ಮಠಮಾನ್ಯಗಳು ವಿದ್ಯೆಗೆ ಹಾಕಿದ ಬೀಜ ಇಂದು ವೈದ್ಯಕೀಯ ವಿದ್ಯಾಲಯಗಳಾಗಿ ನಿಂತಿದೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿದೆ, ಅದರ ಆಸ್ಪತ್ರೆಗೆ ಹಾನಗಲ್ಲ ಕುಮಾರೇಶ್ವರರ ಹೆಸರಿದೆ. ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ಜೆ.ಎಸ್.ಎಸ್. ಕಾಲೇಜಿನ ಶ್ವಾಸಕೋಶ ವೈದ್ಯರು ಹಳ್ಳಿಗಳಿಗೇ ಹೋಗಿ ಜನರ ಉಸಿರನ್ನು ಅಳೆದು ಅಧ್ಯಯನ ಮಾಡಿದ್ದಾರೆ. ನಮ್ಮ ಜಾತ್ರೆಗಳಲ್ಲಿ ಕಣ್ಣಿನ ಶಿಬಿರ ನಡೆಯುತ್ತದೆ, ರಕ್ತದಾನ ನಡೆಯುತ್ತದೆ, ಸಕ್ಕರೆ ನೋಡುತ್ತಾರೆ. ಒಂದು ಮೇಜಿನ ಮೇಲೆ ಊದುವ ಯಂತ್ರವನ್ನೂ ಇಡಿಸಲು ಜಾತ್ರಾ ಸಮಿತಿಗಳು ಈ ವರ್ಷವೇ ಹತ್ತಿರದ ಕಾಲೇಜಿಗೆ ಪತ್ರ ಬರೆಯಲಿ. ನಲವತ್ತು ದಾಟಿದ, ಒಲೆಯ ಮುಂದೆ ವರ್ಷಗಟ್ಟಲೆ ಕುಳಿತ ತಾಯಂದಿರಿಗೆ ಮೊದಲ ಸರದಿ ಸಿಗಲಿ.

ಆಸ್ಪತ್ರೆಗೆ ಹೋಗುವವರಿಗೆ ಇಷ್ಟು ಸೂಚನೆ. ಹಳೆಯ ಫಿಲ್ಮುಗಳನ್ನು ಎಸೆಯಬೇಡಿರಿ, ಮಡಚಬೇಡಿರಿ. ಎರಡು ವರ್ಷದ ಹಿಂದಿನ ಚಿತ್ರ ಪಕ್ಕದಲ್ಲಿದ್ದರೆ ಹೊಸದರ ಬೆಲೆ ಇಮ್ಮಡಿಯಾಗುತ್ತದೆ. ರಕ್ತದ ವರದಿಯನ್ನು ಅದೇ ಚೀಲದಲ್ಲಿಡಿರಿ. ರಕ್ತ ಕೊಟ್ಟ ದಿನ ಜ್ವರವಿತ್ತೇ, ಹೊಸದಾಗಿ ಕಫ ಬಿದ್ದಿತ್ತೇ, ಸ್ಟೀರಾಯ್ಡ್ ಮಾತ್ರೆ ನಡೆದಿತ್ತೇ ಎಂಬುದನ್ನು ವರದಿಯ ಬೆನ್ನಿಗೆ ಬರೆದಿಡಿರಿ. ಜ್ವರದಲ್ಲಿ ಸಿ.ಆರ್.ಪಿ. ಏರಿರುತ್ತದೆ, ಸ್ಟೀರಾಯ್ಡ್ ಮಾತ್ರೆಯು ಇಯೋಸಿನೊಫಿಲ್ ಲೆಕ್ಕವನ್ನು ಇಳಿಸಿಬಿಡುತ್ತದೆ. ಅದನ್ನು ತಿಳಿಯದ ವೈದ್ಯರು ಆ ಅಂಕಿಯನ್ನು ಬೇರೆ ಬಗೆಯಾಗಿ ಓದಿಯಾರು.